ನಾನು ಪ್ಲಗ್ ಹಾಕಿದ್ದೆ

ಮೇ 3

ಮಗನಿಗೆ,

ನಿನ್ನ ಗುಟ್ಟು ಬಯಲಾಗಿದೆ. ನನ್ನಂಥವರ ಮನೆಗಾಡಿಗಳು ನಿಲ್ಲುವ ಈ ಮೈದಾನವನ್ನು ನೋಡಿಕೊಳ್ಳುವವನಿಗೆ ನೀನು ನನ್ನ ಬೆನ್ನ ಹಿಂದೆ ಕಾಗದ ಬರೆದಿದ್ದೀಯ. ಸೊಂಟಕ್ಕೆ ಇಪ್ಪತ್ತು ಬೀಗದ ಕೈ ನೇತುಹಾಕಿಕೊಂಡು ಓಡಾಡುವ ಅವನನ್ನು ಇಲ್ಲಿ ಎಲ್ಲರೂ ಗೊಂಚಲಣ್ಣ ಎನ್ನುತ್ತಾರೆ. ನಾಲ್ಕು ದಿನದಿಂದ ಸಂಜೆ ಆರಕ್ಕೆ ಸರಿಯಾಗಿ ನನ್ನ ಗಾಡಿಯ ಹಿಂದೆ ಬಂದು, ಕರೆಂಟು ಕಂಬದ ಕಡೆ ಕಣ್ಣು ಹಾಯಿಸಿ, ಸುಮ್ಮನೆ ಕೆಮ್ಮಿ ಹೋಗುತ್ತಿದ್ದ. ನಿನ್ನೆ ಹಿಡಿದು ನಿಲ್ಲಿಸಿ ಕೇಳಿದೆ. "ಬೇಜಾರು ಮಾಡ್ಕೋಬೇಡಿ ಅಮ್ಮ. ನೀವು ಗಾಡಿ ಪ್ಲಗ್ ಕಂಬಕ್ಕೆ ಹಾಕಿದೀರೋ ಇಲ್ವೋ ದಿನಾ ನೋಡಿ ಅಂತ ನಿಮ್ಮ ಮಗನೇ ಬರೆದಿದಾರೆ," ಎಂದ. ಪಾಪ, ಅವನ ಮುಖ ಇಷ್ಟೇ ಇಷ್ಟಾಯಿತು. ಎದುರಿಗೆ ನಿನ್ನ ಮುಖ ಇದ್ದಿದ್ದರೆ ಏನಾಗುತ್ತಿತ್ತೋ ನಾನು ಹೇಳಲಾರೆ.

ಮೂವತ್ತೊಂದು ವರ್ಷ ಮೋಟರ್ ವೈಂಡಿಂಗ್ ಮಾಡಿದವಳು ನಾನು. ಸುಟ್ಟ ಮೋಟರಿನ ತಂತಿ ಬಿಚ್ಚಿ, ಸುತ್ತು ಎಣಿಸಿ, ಅಷ್ಟೇ ಸುತ್ತು ಹೊಸ ತಾಮ್ರದ ತಂತಿ ಕೂರಿಸಿ ಇಬ್ಬರು ಮಕ್ಕಳನ್ನು ಓದಿಸಿದೆ. ಅಂಗಡಿ ಮುಚ್ಚಿದ ಮೇಲೆ ಈ ಮನೆಗಾಡಿ ಕೊಂಡೆ. ಹಿಂದೆ ಮಂಚ, ಒಲೆ, ಫ್ರಿಜ್ಜು. ಬಾಗಿಲ ಪಕ್ಕ ನನ್ನ ಹತಾರದ ಪೆಟ್ಟಿಗೆ. ಊರೂರಿಗೆ ಹೋಗಿ ಮರದ ಮಿಲ್ಲಿನ ಮೋಟರು, ನೀರಿನ ಪಂಪು ರಿಪೇರಿ ಮಾಡಿಕೊಂಡು ಯಾರ ಹಂಗೂ ಇಲ್ಲದೆ ಇದ್ದೇನೆ. ಇಂಥವಳು ಕರೆಂಟಿಗೆ ಪ್ಲಗ್ ಹಾಕುವುದನ್ನೇ ಮರೆಯುತ್ತಾಳೆ ಎಂದು ನಿನಗೂ ನಿನ್ನ ಅಕ್ಕನಿಗೂ ಅನಿಸಿತಲ್ಲ.

ಏಪ್ರಿಲ್ 9, 17, 26. ಮೂರು ದಿನ ಬೆಳಗ್ಗೆ ಏಳುವ ಹೊತ್ತಿಗೆ ಗಾಡಿಯ ಬ್ಯಾಟರಿಗಳು ಪೂರ್ತಿ ಖಾಲಿಯಾಗಿದ್ದವು, ಫ್ರಿಜ್ಜು ನಿಂತುಹೋಗಿತ್ತು. ನಿಜ. ಮೂರನೆಯ ಸಲ ಇನ್ಸುಲಿನ್ ಬಿಸಿಗೆ ಕೆಟ್ಟಿತ್ತು, ಗೊತ್ತಾಗದೆ ಚುಚ್ಚಿಕೊಂಡೆ, ಎರಡು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಅದೂ ನಿಜ. ಆದರೆ ಮೂರು ದಿನವೂ ಹಿಂದಿನ ಸಂಜೆಯೇ ಈ ಕೈಯಿಂದ ಪ್ಲಗ್ ಹಾಕಿದ್ದೆ. ಬೆಳಗ್ಗೆ ಗಾಬರಿಯಲ್ಲಿ ಎಳೆದು ಮತ್ತೆ ಹಾಕಿ ನೋಡಿದ್ದರಿಂದ, ಹಾಕಿತ್ತು ಎನ್ನುವುದಕ್ಕೆ ಸಾಕ್ಷಿ ಉಳಿಯಲಿಲ್ಲ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಏನಿದ್ದರೂ ಕಾಗದದಲ್ಲಿ ಬರೆ.

ಸಿಟ್ಟಿನಲ್ಲಿರುವ
ನಿನ್ನ ಅಮ್ಮ

ಮೇ 11

ಅಮ್ಮನಿಗೆ,

ಬೈದಿದ್ದೀಯ, ಬೈಸಿಕೊಂಡೆ. ನಿನ್ನ ಗಾಡಿಗೆ ಆ ಇನ್ವರ್ಟರ್-ಚಾರ್ಜರ್ ಪೆಟ್ಟಿಗೆ ಕೂರಿಸಿದವನು ನಾನೇ. ದಿನಾ ನಾಲ್ಕು ಜನಕ್ಕೆ ಇದೇ ಕೆಲಸ ಮಾಡಿಕೊಡುತ್ತೇನೆ. ಆದ್ದರಿಂದ ಸಮಾಧಾನದಿಂದ ಓದು.

ಆ ಪೆಟ್ಟಿಗೆಗೆ ಇರುವುದು ಎರಡೇ ಕೆಲಸ. ಮೈದಾನದ ಕಂಬದಿಂದ ವೈರಿನಲ್ಲಿ ಕರೆಂಟು ಬಂದರೆ, ಅದನ್ನು ನೇರವಾಗಿ ನಿನ್ನ ಫ್ರಿಜ್ಜಿಗೆ, ಕೂಲರಿಗೆ, ದೀಪಕ್ಕೆ ಬಿಡುತ್ತದೆ. ಮಿಕ್ಕಿದ್ದರಲ್ಲಿ ಬ್ಯಾಟರಿ ತುಂಬಿಸುತ್ತದೆ. ಹೊರಗಿನ ಕರೆಂಟು ಹೋಯಿತೆಂದರೆ, ಕಣ್ಣು ಮಿಟುಕಿಸುವುದರೊಳಗೆ ಬ್ಯಾಟರಿಯಿಂದ ಎಳೆದು ಮನೆ ನಡೆಸುತ್ತದೆ. ದೀಪ ಅಲುಗುವುದೂ ಇಲ್ಲ. ಅಂದರೆ ಬ್ಯಾಟರಿ ಖಾಲಿಯಾಯಿತು ಎಂದರೆ ಅಷ್ಟು ಹೊತ್ತು ಹೊರಗಿನ ಕರೆಂಟು ಪೆಟ್ಟಿಗೆಗೆ ಬಂದೇ ಇಲ್ಲ ಎಂದರ್ಥ. ಮೂರು ದಿನವೂ ಅಕ್ಕಪಕ್ಕದ ಗಾಡಿಗಳಲ್ಲಿ ರಾತ್ರಿಯಿಡೀ ಎಸಿ ಓಡುತ್ತಿತ್ತು ಎಂದು ಗೊಂಚಲಣ್ಣನೇ ಹೇಳಿದ್ದಾನೆ. ಮೈದಾನದಲ್ಲಿ ಕರೆಂಟಿತ್ತು, ನಿನ್ನ ಗಾಡಿಗೆ ಮಾತ್ರ ಬರಲಿಲ್ಲ. ಇನ್ನು ಉಳಿಯುವುದು ಒಂದೇ ಕಾರಣ. ಅದನ್ನು ನನ್ನ ಬಾಯಿಂದ ಹೇಳಿಸಬೇಡ.

ಅಕ್ಕ ನರ್ಸು. ಈ ವಯಸ್ಸಿನಲ್ಲಿ ಮರೆವು ಹೇಗೆ ಶುರುವಾಗುತ್ತದೆ ಎಂದು ಅವಳು ದಿನಾ ನೋಡುತ್ತಾಳೆ. ನಾವಿಬ್ಬರೂ ಕೂತು ಮಾತಾಡಿದ್ದೇವೆ. ನಮ್ಮ ಮನೆಯ ಕೆಳಗಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ, ಗಾಳಿ ಬೆಳಕು ಚೆನ್ನಾಗಿದೆ. ಜುಲೈ ಮೊದಲ ವಾರ ನಾನೇ ಬಂದು ನಿನ್ನನ್ನೂ ಗಾಡಿಯನ್ನೂ ಕರೆತರುತ್ತೇನೆ. ಗಾಡಿಯ ಫೋಟೋ ನೋಡಿ ಒಬ್ಬರು ಒಪ್ಪಿದ್ದಾರೆ.

ಇನ್ಸುಲಿನ್ ಸದ್ಯಕ್ಕೆ ಗೊಂಚಲಣ್ಣನ ಆಫೀಸಿನ ಫ್ರಿಜ್ಜಿನಲ್ಲಿಡು. ಇದೊಂದು ಮಾತು ಕೇಳು.

ನಿನ್ನ ಮಗ

ಮೇ 20

ಮಗನಿಗೆ,

ಒಪ್ಪಿದ್ದಾರಂತೆ. ಯಾರನ್ನು ಕೇಳಿ ಒಪ್ಪಿದರು? ಗಾಡಿ ನನ್ನದು, ಚಕ್ರದ ಮುಂದೆ ಕೂರುವವಳು ನಾನು. ನಾನು ಬದುಕಿರುವಾಗಲೇ ನನ್ನ ಮಂಚ, ನನ್ನ ಒಲೆ, ನನ್ನ ಕಿಟಕಿಯ ಪರದೆಯ ಫೋಟೋ ತೋರಿಸಿ ಗಿರಾಕಿ ಹುಡುಕಿದ್ದೀಯ. ಕೋಣೆಗೆ ಸುಣ್ಣ ಬೇರೆ. ಆ ಸುಣ್ಣದ ಕೋಣೆಯಲ್ಲಿ ನೀನೇ ಹೋಗಿ ಮಲಗು.

ಇನ್ಸುಲಿನ್ ಆಫೀಸಿನ ಫ್ರಿಜ್ಜಿನಲ್ಲಿದೆ. ಆ ಬುದ್ಧಿ ನನಗೆ ನಿನ್ನ ಕಾಗದ ಬರುವ ಮೊದಲೇ ಇತ್ತು.

ಈಗ ನೀನು ಸಮಾಧಾನದಿಂದ ಓದು. ನಿನ್ನ ಕಾಗದ ಬಂದ ದಿನವೇ ಒಂದು ನೋಟ್‌ಬುಕ್ ತೆರೆದೆ. ದಿನಾ ಸಂಜೆ ಗೊಂಚಲಣ್ಣನನ್ನು ಎದುರಿಗೆ ನಿಲ್ಲಿಸಿಕೊಂಡು ಪ್ಲಗ್ ಹಾಕುತ್ತೇನೆ, ಅವನು ರುಜು ಹಾಕುತ್ತಾನೆ. ಮೊದಲ ದಿನ ನಗುತ್ತಾ ಹಾಕಿದ. ನಾಲ್ಕನೆಯ ದಿನದಿಂದ ಅವನಿಗೂ ರೇಗಿಹೋಗಿದೆ. ಏಕೆ ಎಂದು ಹೇಳುತ್ತೇನೆ.

ಅವತ್ತು ಸಂಜೆ ಆರಕ್ಕೆ ಪ್ಲಗ್ ಹಾಕಿದಾಗ ಕಂಬದಲ್ಲಿ 221 ವೋಲ್ಟ್. ಮಂಚದ ಕೆಳಗಿನ ಕಪಾಟಿನ ಬಾಗಿಲು ತೆಗೆದು ಕುಕ್ಕರುಗಾಲಿನಲ್ಲಿ ಕೂತೆ, ಏಕೆಂದರೆ ಪೆಟ್ಟಿಗೆಯ ದೀಪಗಳು ಮಲಗಿದವರ ಕಣ್ಣಿಗೆ ಹೊಡೆಯಬಾರದೆಂದು ನೀನು ಅವನ್ನು ಅಲ್ಲಿ ಅಡಗಿಸಿಟ್ಟಿದ್ದೀಯ. ಹೊರಗಿನ ಕರೆಂಟಿನ ದೀಪ ಉರಿಯುತ್ತಿತ್ತು, ಸರಿ. ಏಳು ಗಂಟೆಗೆ ಮೈದಾನದ ಜನ ಒಬ್ಬೊಬ್ಬರಾಗಿ ಎಸಿ ಹಾಕತೊಡಗಿದರು. ಏಳೂ ಹತ್ತಕ್ಕೆ ಪೆಟ್ಟಿಗೆಯೊಳಗೆ ಟಕ್ ಎಂದಿತು. ಆ ಸದ್ದು ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ, ಒಳಗೆ ಕರೆಂಟಿನ ದಾರಿ ಬದಲಿಸುವ ರಿಲೇ ಕೈಬಿಟ್ಟ ಸದ್ದು. ನೋಡಿದರೆ ಹೊರಗಿನ ಕರೆಂಟಿನ ದೀಪ ಆರಿ, ಬ್ಯಾಟರಿಯ ದೀಪ ಹತ್ತಿತ್ತು. ಗೊಂಚಲಣ್ಣ ಓಡಿ ಕಂಬ ನೋಡಿದ. ಪ್ಲಗ್ ಇದ್ದಲ್ಲೇ ಇದೆ, ಕರೆಂಟೂ ಇದೆ. ನನ್ನ ಮೀಟರು ಹಚ್ಚಿದರೆ 207. ಎಂಟು ಗಂಟೆಗೆ 198. ಮಲಗುವ ತನಕ ಅಷ್ಟರಲ್ಲೇ ಆಡುತ್ತಿತ್ತು.

ಏಳು ದಿನದಲ್ಲಿ ಐದು ದಿನ ಹೀಗೆಯೇ ಆಗಿದೆ. ಪ್ಲಗ್ ಹಾಕಿರುತ್ತದೆ, ಕಂಬದಲ್ಲಿ ಕರೆಂಟು ಇರುತ್ತದೆ, ನಿನ್ನ ಪೆಟ್ಟಿಗೆ ಮಾತ್ರ ಅದನ್ನು ಮುಟ್ಟುವುದಿಲ್ಲ. ಸದ್ದಿಲ್ಲದೆ ಬ್ಯಾಟರಿ ತಿನ್ನುತ್ತಾ ಕೂರುತ್ತದೆ. ದೀಪ ಅಲುಗುವುದೂ ಇಲ್ಲ ಎಂದು ಹೆಮ್ಮೆಪಟ್ಟೆಯಲ್ಲ, ಅದಕ್ಕೇ ನನಗೆ ಗೊತ್ತಾಗಲಿಲ್ಲ. ಮೈದಾನದ ಕರೆಂಟು ಎಂದುಕೊಂಡು ರಾತ್ರಿಯೆಲ್ಲ ಕೂಲರ್ ಓಡಿಸುತ್ತಿದ್ದೆ. ಪಕ್ಕದ ಗಾಡಿಗಳಲ್ಲಿ ಇಂಥ ಪೆಟ್ಟಿಗೆ ಇಲ್ಲ, ಅವರ ಬಲ್ಬು ಸ್ವಲ್ಪ ಮಂಕಾಗುತ್ತದೆ, ಅಷ್ಟೇ.

"ನಮ್ಮ ಕರೆಂಟಿಗೇನು ಮೈಲಿಗೆನಾ, ಮುಟ್ಟಲ್ಲ ಅನ್ನೋಕೆ?" ಎಂದು ಗೊಂಚಲಣ್ಣ ಪೆಟ್ಟಿಗೆಗೇ ಬೈದ.

ಇದಕ್ಕೆ ಉತ್ತರ ಬರೆ. ಕೋಣೆಯ ವಿಚಾರ ಬರೆಯಬೇಡ.

ಅಮ್ಮ

ಮೇ 29

ಅಮ್ಮನಿಗೆ,

ನೋಟ್‌ಬುಕ್ಕಿನ ವಿಚಾರ ಓದಿದೆ. ಇಷ್ಟೊಂದು ಶ್ರಮ ಪಟ್ಟಿದ್ದೀಯ ಎಂದು ಸಂಕಟವಾಯಿತು.

ವೋಲ್ಟೇಜ್ ತೀರಾ ಇಳಿದರೆ ಪೆಟ್ಟಿಗೆ ಹೊರಗಿನ ಕರೆಂಟನ್ನು ಬಿಟ್ಟು ಬ್ಯಾಟರಿಗೆ ಹೋಗುವುದು ನಿಜ. ಅದು ಒಳಗಿನ ಸಾಮಾನು ಸುಡದಿರಲಿ ಎಂದು ಇಟ್ಟ ಏರ್ಪಾಡು. ಆದರೆ ಆ ಮಿತಿ 180. ಕಂಪನಿಯಿಂದಲೇ ಹಾಗೆ ಬರುತ್ತದೆ. 198ಕ್ಕೆ ಯಾವ ಪೆಟ್ಟಿಗೆಯೂ ಕೈಬಿಡುವುದಿಲ್ಲ. ಇನ್ನು ನಿನ್ನ ಮೀಟರು ನನಗಿಂತ ಹಳೆಯದು, ಅದು ತೋರಿಸಿದ್ದನ್ನು ನಾನು ಹೇಗೆ ನಂಬಲಿ? ಆ ದೀಪಗಳೆರಡೂ ಹಸಿರು, ಕುಕ್ಕರುಗಾಲಿನಲ್ಲಿ ಕೂತು ನೋಡಿದಾಗ ಒಂದು ಇನ್ನೊಂದರಂತೆ ಕಾಣಬಹುದು.

ದಯವಿಟ್ಟು ಪೆಟ್ಟಿಗೆ ಬಿಚ್ಚಬೇಡ. ಅಕ್ಕ ನಿನ್ನ ಕಾಗದ ಓದಿ ಅತ್ತಳು. "ಮರೆವು ಬಂದವರು ಹೀಗೇ ಕಣೋ, ತಪ್ಪೆಲ್ಲ ಬೇರೆ ಯಾವುದರ ಮೇಲಾದರೂ ಹಾಕ್ತಾರೆ," ಎಂದಳು. ನಿನ್ನನ್ನು ನೋಯಿಸಲು ಬರೆದದ್ದಲ್ಲ. ನಮ್ಮ ಭಯ ಏನೆಂದು ನಿನಗೆ ತಿಳಿಯಲಿ ಎಂದು ಬರೆದೆ. ಇನ್ನೊಂದು ಸಲ ಹೀಗೇ ಆಗಿ, ಹತ್ತಿರ ಯಾರೂ ಇಲ್ಲದಿದ್ದರೆ?

ಜುಲೈ ಮೊದಲ ವಾರ ಬರುತ್ತೇನೆ.

ನಿನ್ನ ಮಗ

ಜೂನ್ 10

ಮಗನಿಗೆ,

ಆ ಮೀಟರು ನಿನಗಿಂತ ಹಳೆಯದು, ಹೌದು. ನಿನಗಿಂತ ನೆಟ್ಟಗೂ ಇದೆ. ಗೊಂಚಲಣ್ಣ ಮೈದಾನದ ಹೊಸ ಮೀಟರು ತಂದು ಪಕ್ಕದಲ್ಲಿ ಹಿಡಿದ. ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ ವೋಲ್ಟ್.

ನಿನ್ನ ಅಕ್ಕನಿಗೆ ಹೇಳು, ನಾನು ತಪ್ಪನ್ನು ಎಲ್ಲೆಲ್ಲೋ ಹಾಕುತ್ತಿಲ್ಲ. ಇದ್ದ ಕಡೆಯೇ ಹಾಕುತ್ತಿದ್ದೇನೆ. ನಿಮ್ಮ ಈ ನ್ಯಾಯ ನನಗೆ ಅರ್ಥವಾಗುವುದಿಲ್ಲ. ಪ್ಲಗ್ ಹಾಕಿದ್ದೆ ಎಂದರೆ ಮರೆವು. ಹಾಕಿದ್ದಕ್ಕೆ ಸಾಕ್ಷಿ ತೋರಿಸಿದರೆ ಅದೂ ಮರೆವಿನ ಲಕ್ಷಣ. ಸುಮ್ಮನಿದ್ದರೆ ಒಪ್ಪಿಕೊಂಡಂತೆ, ಕೂಗಾಡಿದರೆ ತಲೆ ಕೆಟ್ಟಂತೆ. ಹಾಗಾದರೆ ನಾನು ಏನು ಮಾಡಿದರೆ ನೆಟ್ಟಗಿದ್ದೇನೆ ಎಂದು ನೀವಿಬ್ಬರೂ ಒಪ್ಪುತ್ತೀರಿ? ಮೊದಲೇ ಬರೆದು ಕಳಿಸಿ, ಹಾಗೆಯೇ ನಡೆದುಕೊಳ್ಳುತ್ತೇನೆ.

ಪೆಟ್ಟಿಗೆ ಬಿಚ್ಚಲಿಲ್ಲ. ಬಿಚ್ಚುವ ಅಗತ್ಯವೇ ಬೀಳಲಿಲ್ಲ. ಅದರ ಜೊತೆ ಬಂದ ಪುಸ್ತಕ ಹುಡುಕಿ ತೆಗೆದೆ. ಎಂಬತ್ನಾಲ್ಕು ಪುಟ, ಸಾಸಿವೆ ಕಾಳಿನಂಥ ಅಕ್ಷರ. ಭೂತಗನ್ನಡಿ ಹಿಡಿದು ನಾಲ್ಕು ದಿನ ಓದಿದೆ. ಇಟ್ಟಿರುವ ಮಿತಿಗಳನ್ನು ನೋಡಲು ಯಾವ ಬಟನನ್ನು ಎಷ್ಟು ಹೊತ್ತು ಒತ್ತಬೇಕು ಎಂದು ಅರವತ್ತೊಂದನೆಯ ಪುಟದಲ್ಲಿತ್ತು. ನಾನು ಓದುತ್ತಾ ಹೋದೆ, ಗೊಂಚಲಣ್ಣ ಬೋರಲು ಮಲಗಿ ಒತ್ತುತ್ತಾ ಹೋದ.

"ಏನು ಬಂತು?" ಎಂದೆ.

"ಎರಡು, ಒಂದು, ಸೊನ್ನೆ."

"ಸರಿಯಾಗಿ ನೋಡು. ನೂರಾ ಎಂಬತ್ತು ಇರಬೇಕು."

"ನಂಗೆ ಕಣ್ಣು ಚೆನ್ನಾಗೇ ಇದೆ ಅಮ್ಮ. ಇನ್ನೂರ ಹತ್ತು."

ಇನ್ನೂರ ಹತ್ತು. ಅಂದರೆ ಕಂಬದಲ್ಲಿ 210ಕ್ಕಿಂತ ಒಂದು ಚೂರು ಇಳಿದರೂ ನಿನ್ನ ಪೆಟ್ಟಿಗೆ ಮುಖ ತಿರುಗಿಸಿ ಕೂರುತ್ತದೆ. ಬೇಸಿಗೆಯಲ್ಲಿ ಈ ಮೈದಾನದಲ್ಲಿ ಸಂಜೆ ಏಳರಿಂದ ಬೆಳಗಿನ ತನಕ 210 ಕಾಣುವುದೇ ಇಲ್ಲ. ನನ್ನ ಗಾಡಿ ನಿಂತಿರುವುದು ಕಡೆಯ ಕಂಬದ ಹತ್ತಿರ, ಇಲ್ಲಿಗೆ ಬರುವ ಹೊತ್ತಿಗೆ ಕರೆಂಟು ಸೊರಗಿರುತ್ತದೆ. ಹಿಂದಿನ ಬೇಸಿಗೆಗಳಲ್ಲಿ ನಿಂತ ಕಡೆ ಹೀಗಿರಲಿಲ್ಲ. ಹೆಚ್ಚು ಸೆಕೆ ಇದ್ದ ದಿನ ಕೂಲರೂ ಫ್ರಿಜ್ಜೂ ಸೇರಿ ಬ್ಯಾಟರಿಯನ್ನು ಹಿಂಡಿ ಹಾಕಿರುತ್ತವೆ. ಲೆಕ್ಕ ಸರಿಹೋಯಿತೋ?

ಪೆಟ್ಟಿಗೆ ತಾನಾಗಿ ತನ್ನ ಮಿತಿ ಬದಲಾಯಿಸಿಕೊಳ್ಳುವುದಿಲ್ಲ. ನನಗೆ ಆ ಬಟನ್ ಇರುವುದೇ ಮೊನ್ನೆ ಗೊತ್ತಾಯಿತು. ಇನ್ನು ಉಳಿಯುವುದು ಒಂದೇ ಕಾರಣ. ಅದನ್ನು ನನ್ನ ಬಾಯಿಂದಲೂ ಹೇಳಿಸಬೇಡ.

ಅಮ್ಮ

ಜುಲೈ 4

ಅಮ್ಮನಿಗೆ,

ಮೂರು ವಾರ ಉತ್ತರ ಬರೆಯಲಿಲ್ಲ.

ನಿನ್ನ ಕಾಗದ ಓದಿ ಮೊದಲು ಸಿಟ್ಟೇ ಬಂತು. 210 ನಾನು ಇಟ್ಟಿಲ್ಲ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಎರಡು ವರ್ಷದ ಹಿಂದಿನ ಕೆಲಸ, ಯಾವ ಗಾಡಿಗೂ ನಾನು ಹಾಗೆ ಇಡುವುದಿಲ್ಲ. ಆಣೆ ಮಾಡಿ ಹೇಳುತ್ತಿದ್ದೆ. ಆಮೇಲೆ ಪ್ರತಿ ಗಾಡಿಗೆ ಮಾಡಿದ ಕೆಲಸ ಬರೆದಿಡುವ ಅಂಗಡಿಯ ಹಳೆಯ ಜಾಬ್ ಕಾರ್ಡುಗಳ ಕಟ್ಟು ಬಿಚ್ಚಿದೆ. ನಿನ್ನ ಗಾಡಿಯದು ಸಿಕ್ಕಿತು. ನನ್ನದೇ ಅಕ್ಷರದಲ್ಲಿ ಇದೆ: "ಕಡಿಮೆ ಮಿತಿ 210. ಅಮ್ಮನ ಫ್ರಿಜ್ಜು, ಇನ್ಸುಲಿನ್." ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ.

ಆಗ ಜ್ಞಾಪಕ ಬಂತು. ಆ ತಿಂಗಳು ಒಬ್ಬ ಗಿರಾಕಿಯ ಫ್ರಿಜ್ಜು ಕಡಿಮೆ ವೋಲ್ಟೇಜಿಗೆ ಸುಟ್ಟಿತ್ತು. ನಿನ್ನ ಔಷಧಿ ಇಡುವ ಫ್ರಿಜ್ಜಿಗೆ ಹಾಗಾಗಬಾರದು ಎಂದು ಮಿತಿಯನ್ನು ಏರಿಸಿದೆ. ನನ್ನ ಅಂಗಡಿಯಲ್ಲಿ ಹಗಲೂ ರಾತ್ರಿಯೂ 230 ಇರುತ್ತದೆ, ಅಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. ನೀನು ಎಂಥೆಂಥ ಮೈದಾನದಲ್ಲಿ, ಎಂಥ ಕಂಬದ ಹತ್ತಿರ ನಿಲ್ಲುತ್ತೀಯ ಎಂದು ಯೋಚಿಸಲಿಲ್ಲ. ನಿನ್ನನ್ನು ಜೋಪಾನ ಮಾಡಲು ಹೋಗಿ ನಾನೇ ನಿನ್ನನ್ನು ಆಸ್ಪತ್ರೆಯಲ್ಲಿ ಮಲಗಿಸಿದೆ. ಮಿತಿ ಏರಿಸಿದ್ದನ್ನೇ ನಾನು ಪೂರ್ತಿ ಮರೆತಿದ್ದೆ, ಮರೆವಿನ ಹೆಸರನ್ನು ನಿನ್ನ ಮೇಲೆ ಹೊರಿಸಿದೆ.

ಅದೇ ಬಟನ್ನಿನಲ್ಲಿ ಮಿತಿಯನ್ನು 185ಕ್ಕೆ ಇಳಿಸು. ನಿನ್ನ ಫ್ರಿಜ್ಜು ಅಷ್ಟಕ್ಕೆ ತಡೆಯುತ್ತದೆ, ಕಂಪನಿಯವರನ್ನು ಕೇಳಿದ್ದೇನೆ. ದೀಪಗಳ ಪಟ್ಟಿಯನ್ನು ಕಪಾಟಿನಿಂದ ಹೊರಗೆ ತೆಗೆದು ಬಾಗಿಲ ಪಕ್ಕ ಹಾಕಲು ಉದ್ದ ವೈರು ಕಳಿಸಿದ್ದೇನೆ. ಗಾಡಿಗೆ ಒಪ್ಪಿದ್ದ ಗಿರಾಕಿಗೆ ಮಾರುವುದಿಲ್ಲ ಎಂದು ಹೇಳಿಯಾಯಿತು. ಅಕ್ಕನಿಗೆ ಜಾಬ್ ಕಾರ್ಡು ತೋರಿಸಿದೆ. ಅವಳು ಎದ್ದು ಒಳಗೆ ಹೋದಳು.

ತಪ್ಪಾಯಿತು ಅಮ್ಮ.

ನಿನ್ನ ಮಗ

ಜುಲೈ 15

ಮಗನಿಗೆ,

185ಕ್ಕೆ ಇಳಿಸಿದೆ. ಆರು ಸಂಜೆಗಳಿಂದ ಒಂದು ಸಲವೂ ಟಕ್ ಎಂದಿಲ್ಲ. ಇನ್ಸುಲಿನ್ ನನ್ನ ಫ್ರಿಜ್ಜಿಗೆ ವಾಪಸು ಬಂತು. ದೀಪದ ಪಟ್ಟಿ ಈಗ ಬಾಗಿಲ ಪಕ್ಕ ಇದೆ, ನಿನ್ನ ವೈರು ಅರ್ಧ ಮೀಟರು ಸಾಲಲಿಲ್ಲ, ನನ್ನ ಹತ್ತಿರದ್ದು ಸೇರಿಸಿದೆ.

ತಪ್ಪಾಯಿತು ಎಂದೆ. ಸರಿ. ಆದರೆ ನನ್ನ ಸಿಟ್ಟು ಇನ್ನೂ ಆರಿಲ್ಲ. ಮಿತಿ ತಪ್ಪಾಗಿ ಇಟ್ಟದ್ದಕ್ಕೆ ಅಲ್ಲ, ಕೆಲಸ ಮಾಡುವವರ ಕೈ ತಪ್ಪುತ್ತದೆ, ನನ್ನದೂ ತಪ್ಪಿದೆ. ಪೆಟ್ಟಿಗೆಯ ಮಾತು ನಂಬಿದಿರಿ, ನನ್ನ ಮಾತು ನಂಬಲಿಲ್ಲ, ಅದಕ್ಕೆ. ಎರಡು ತಿಂಗಳು ನಾನು ಏನಾಗಿದ್ದೆ ಗೊತ್ತಾ? ಪ್ಲಗ್ ಹಾಕಿ ಬಂದು ಮತ್ತೆ ಎದ್ದು ಹೋಗಿ ನೋಡುತ್ತಿದ್ದೆ. ಒಲೆ ಆರಿಸಿ ಮತ್ತೆ ಮುಟ್ಟಿ ನೋಡುತ್ತಿದ್ದೆ. ಮರದ ಮಿಲ್ಲಿನವರು ಹತ್ತು ಎಚ್‌ಪಿ ಮೋಟರು ತಂದರೆ, ಸುತ್ತು ಎಣಿಸುವಾಗ ಮರೆತುಹೋದರೆ ಏನು ಗತಿ ಎಂದು ಹೆದರಿ, ಕೈ ನೋವು ಎಂದು ಸುಳ್ಳು ಹೇಳಿ ವಾಪಸು ಕಳಿಸಿದೆ. ಮೂವತ್ತೊಂದು ವರ್ಷದಲ್ಲಿ ಬಂದ ಕೆಲಸವನ್ನು ತಿರುಗಿ ಕಳಿಸಿದ್ದು ಅದೇ ಮೊದಲು. ನೀವು ಹೇಳಿದ್ದನ್ನು ನಾನೇ ನಂಬಲು ಶುರುಮಾಡಿದ್ದೆ.

ಇನ್ನೊಂದು ವಿಷಯ ಇದೆ. ಅದನ್ನು ಬರೆಯಲೆಂದೇ ಈ ಕಾಗದ.

ಏಪ್ರಿಲ್ 9ರಂದು ಪ್ಲಗ್ ಹಾಕಿದ್ದೆ. 26ರಂದು ಹಾಕಿದ್ದೆ. 17ರಂದು ಹಾಕಿರಲಿಲ್ಲ. ಅವತ್ತು ಬೆಳಗ್ಗೆ ಇಳಿದು ನೋಡಿದರೆ ವೈರು ಗಾಡಿಯ ಪಕ್ಕದ ಡಬ್ಬದಲ್ಲಿ ಸುತ್ತಿಟ್ಟ ಹಾಗೆಯೇ ಇತ್ತು. ಹಿಂದಿನ ದಿನ ಪಂಪಿನ ಕೆಲಸ ಮುಗಿಸಿ ಸುಸ್ತಾಗಿ ಬಂದು ಹಾಗೇ ಮಲಗಿದ್ದೆ. ಯಾರಿಗೂ ಹೇಳದೆ ವೈರು ಬಿಚ್ಚಿ ಹಾಕಿದೆ. ನಿನಗೆ ಮೂರು ದಿನವೂ ಹಾಕಿದ್ದೆ ಎಂದು ಬರೆದೆ.

ಹೇಳಿದ್ದರೆ ಏನಾಗುತ್ತಿತ್ತು ಎಂದು ನೀನೇ ಯೋಚಿಸು. ಆ ಒಂದು ದಿನ ಉಳಿದ ಎರಡು ದಿನವನ್ನೂ ನುಂಗಿಬಿಡುತ್ತಿತ್ತು. ನಾನು ಭೂತಗನ್ನಡಿ ಹಿಡಿದು ಕೂರುವ ಮೊದಲೇ ಆ ಸುಣ್ಣದ ಕೋಣೆಯಲ್ಲಿರುತ್ತಿದ್ದೆ. ನೀನು ಒಂದು ಅಂಕಿ ಮರೆತರೆ ಕೆಲಸದ ಒತ್ತಡ. ನಾನು ಒಂದು ಪ್ಲಗ್ ಮರೆತರೆ ಗಾಡಿಗೆ ಗಿರಾಕಿ. ಆದ್ದರಿಂದ ಸುಳ್ಳು ಹೇಳಿದೆ, ಅದಕ್ಕಾಗಿ ನಾಚಿಕೆ ಇಲ್ಲ. ನಿಜ ಹೇಳಲು ನೀವು ಜಾಗ ಬಿಟ್ಟಿರಲಿಲ್ಲ, ಆ ಸಿಟ್ಟು ಮಾತ್ರ ಇದೆ.

ಈಗ ಹೇಳಿದ್ದೇನೆ. ಬರುವ ವಾರ ಇಲ್ಲಿಂದ ಹೊರಡುವವಳಿದ್ದೇನೆ, ಮರದ ಮಿಲ್ಲಿನವರ ಮೋಟರು ಸುತ್ತಿ ಕೊಟ್ಟು. ಬೇಕಾದರೆ ಅಷ್ಟರೊಳಗೆ ಕೋಣೆಗೆ ಇನ್ನೊಂದು ಸಲ ಸುಣ್ಣ ಹೊಡೆಸಿ ಬಾ. ಏನು ಮಾಡುತ್ತೀಯೋ ನೋಡುತ್ತೇನೆ.

ಅಮ್ಮ

ಜುಲೈ 21

ಅಮ್ಮನಿಗೆ,

ಕಾಗದ ಬಂತು. 17ರಂದು ಮರೆತೆ ಎಂದು ಬರೆದಿದ್ದೀಯ, ನಂಬಿದೆ. ಉಳಿದ ಎರಡು ದಿನ ಹಾಕಿದ್ದೆ ಎಂದು ಬರೆದಿದ್ದೀಯ, ಅದನ್ನೂ ನಂಬಿದೆ.

ಅಕ್ಕನೂ ಓದಿದಳು. "ಸುಸ್ತಾಗಿತ್ತಂತಲ್ಲ, ಅವತ್ತು ಊಟನಾದ್ರೂ ಮಾಡಿದ್ಲಾ ಕೇಳು," ಎಂದಳು.

ಶುಕ್ರವಾರ ಲಾರಿಯಲ್ಲಿ ಎರಡು ಹೊಸ ಟೈರು ಬರುತ್ತವೆ, ಗೊಂಚಲಣ್ಣನಿಗೆ ಇಳಿಸಿಕೊಳ್ಳಲು ಹೇಳು. ಗಾಡಿಯ ಮುಂದಿನ ಚಕ್ರಗಳು ಸವೆದಿವೆ. ಅವು ಬರುವ ತನಕ ದೂರ ಹೊರಡಬೇಡ.

ನಿನ್ನ ಮಗ